ಸಹಿಗೆ ಮುಂಚಿನ ಹಕ್ಕು: ಸ್ವತಂತ್ರ ಗೀತರಚನಕಾರರು ಮತ್ತು ಕೃತಿಸ್ವಾಮ್ಯ ಕಾಯ್ದೆ

ಸಿನಿಮಾದ ಹಂಗಿಲ್ಲದೆ ಹಾಡು ಕಟ್ಟುವವರ ಪರಂಪರೆ ಕನ್ನಡದಲ್ಲಿ ದೊಡ್ಡದು. ತತ್ವಪದಕಾರರು, ಲಾವಣಿಕಾರರು, ಕ್ಯಾಸೆಟ್ ಕಾಲದ ಭಾವಗೀತೆ ಸಂಯೋಜಕರು ಈ ಸಾಲಿನವರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಯೂಟ್ಯೂಬಿಗೆಂದೇ ಜಾನಪದ ಮಟ್ಟಿನ ಹಾಡು ಬರೆಯುವ ಇಂದಿನ ಯುವಕರೂ ಅದೇ ಸಾಲಿಗೆ ಸೇರುತ್ತಾರೆ. ಇವರನ್ನು ಕಾಯುವ ಕಾನೂನೇ ಇಲ್ಲವೆಂಬ ದೂರು ಆಗಾಗ ಕೇಳಿಬರುತ್ತದೆ. ಕಾಯ್ದೆಯನ್ನು ಕಲಂ ಕಲಂ ಆಗಿ ಓದಿದರೆ ಈ ದೂರು ನಿಲ್ಲುವುದಿಲ್ಲ. ಹಕ್ಕು ಹುಟ್ಟಿನಿಂದಲೇ ಇದೆ. ಅದು ಕೈತಪ್ಪುವುದು ಕರಾರಿನ ಕಾಗದದಲ್ಲಿ ಎಂಬುದು ನನ್ನ ವಾದ.

1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿಗೆ ಹಾಡು ಒಂದೇ ಆಸ್ತಿಯಲ್ಲ. ಸಾಹಿತ್ಯ ಬೇರೆ, ಸಂಗೀತ ಬೇರೆ, ಧ್ವನಿಮುದ್ರಣ ಬೇರೆ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕ. ಮೂಲ ಕಾಯ್ದೆಯ ವ್ಯಾಖ್ಯೆಯಲ್ಲಿ ಸಂಗೀತಕೃತಿ ಎನಿಸಿಕೊಳ್ಳಲು ಸ್ವರಲಿಪಿಯೋ ಮುದ್ರಣವೋ ಬೇಕಿತ್ತು. ಬಾಯಿಂದ ಬಾಯಿಗೆ ಸಾಗುವ ಮಟ್ಟು ಹೀಗಾಗಿ ಅದರ ಹೊರಗೇ ಉಳಿದಿತ್ತು. 1994ರ ತಿದ್ದುಪಡಿ ಈ ಷರತ್ತನ್ನು ತೆಗೆದುಹಾಕಿತು. ಮೌಖಿಕ ಪರಂಪರೆಯ ನಮ್ಮಂಥವರಿಗೆ ಇದು ಸಣ್ಣ ಬದಲಾವಣೆಯಲ್ಲ.

ಈ ಹಕ್ಕಿಗೆ ಅವಧಿಯೂ ಉಂಟು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳಿಗೆ ಯಾರು ಬೇಕಾದರೂ ಹೊಸ ರಾಗ ಹಾಕಬಹುದು, ಆ ರಾಗದ ಮಟ್ಟಿಗೆ ಸಂಯೋಜಕರೇ ಒಡೆಯರು. ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗೆ ರಾಗ ಹಾಕಿ ಪ್ರಕಟಿಸಲು ಮಾತ್ರ ಅನುಮತಿ ಬೇಕು. 2003ರಲ್ಲಿ ತೀರಿಕೊಂಡ ಕವಿಯ ಹಕ್ಕು, ನಂತರದ 60 ವರ್ಷ ಸೇರಿ, 2063ರ ಕೊನೆಯವರೆಗೆ ನಡೆಯುತ್ತದೆ.

ಧ್ವನಿಮುದ್ರಣದ ಒಡೆತನ ಅದನ್ನು ಮಾಡಿಸುವ ಹೊಣೆ ಹೊತ್ತವರದು. ಸ್ಟುಡಿಯೋ ಬಾಡಿಗೆ, ಟ್ರ್ಯಾಕ್ ಖರ್ಚು ವಹಿಸಿಕೊಂಡು ಹಾಡು ಮಾಡಿಸಿದ ಚಾನೆಲ್ ಮಾಲೀಕ ಸಾಮಾನ್ಯವಾಗಿ ಮುದ್ರಣದ ಒಡೆಯನಾಗುತ್ತಾನೆ. ಅಷ್ಟರಿಂದಲೇ ಸಾಹಿತ್ಯವೂ ಮಟ್ಟೂ ಅವನ ಪಾಲಾಗುವುದಿಲ್ಲ. ಹಳ್ಳಿಯ ಗೀತರಚನಕಾರರಿಗೆ ತಿಳಿಯದೆ ಉಳಿದಿರುವ ಮುಖ್ಯ ಸಂಗತಿ ಇದು.

1977ರಲ್ಲಿ ಸುಪ್ರೀಂ ಕೋರ್ಟ್, ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಪ್ರಕರಣದಲ್ಲಿ, ಚಿತ್ರಗೀತೆಗಳ ವಿಷಯದಲ್ಲಿ ನಿರ್ಮಾಪಕರ ಪರ ತೀರ್ಪಿತ್ತಿತು. ಬರೆದವರಿಗೆ ಆಗಿದ್ದ ಅನ್ಯಾಯವನ್ನು ಸಂಸತ್ತು ಸರಿಪಡಿಸಲು ಹೊರಟದ್ದು 2012ರಲ್ಲಿ. ಆ ತಿದ್ದುಪಡಿಯ ಚರ್ಚೆಯೆಲ್ಲ ಸಿನಿಮಾದ ಸುತ್ತಲೇ ನಡೆಯಿತು. ಆದರೆ ಕಲಂ 18ಕ್ಕೆ ಸೇರಿದ ಪರಂತುಕಗಳಲ್ಲಿ ಒಂದು, ಸಿನಿಮಾಕ್ಕೆ ಸೇರದ ಧ್ವನಿಮುದ್ರಣಗಳಿಗೇ ಮೀಸಲು. ಸ್ವತಂತ್ರ ಗೀತರಚನಕಾರರ ಪಾಲಿಗೆ ಇಡೀ ಕಾಯ್ದೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಲು ಇಲ್ಲವೆಂದು ನಾನು ಭಾವಿಸುತ್ತೇನೆ.

ಅದರ ಬಲ ತಿಳಿಯಲು ರೂಢಿಯಲ್ಲಿರುವ ಛಾಪಾ ಕಾಗದವೊಂದನ್ನು ಎದುರಿಗಿಟ್ಟುಕೊಳ್ಳೋಣ. ಇಡಿಗಂಟು ಪಡೆದು, ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ, ಜಗತ್ತಿನಾದ್ಯಂತ, ಮುಂದೆ ಬರಲಿರುವ ಮಾಧ್ಯಮಗಳೂ ಸೇರಿದಂತೆ ಬಿಟ್ಟುಕೊಟ್ಟಿದ್ದೇನೆ, ರಾಯಧನ ಕೇಳುವುದಿಲ್ಲ ಎಂಬುದು ಅದರ ಒಕ್ಕಣೆ. ‘ಶಾಶ್ವತ’ ಎಂದು ಬರೆದದ್ದು ನಡೆಯುತ್ತದೆ. ಬರೆಯದಿದ್ದರೆ ಕಲಂ 19ರಂತೆ ಅವಧಿ ಐದೇ ವರ್ಷ. ‘ಜಗತ್ತಿನಾದ್ಯಂತ’ ಎಂಬುದೂ ನಡೆಯುತ್ತದೆ. ಪ್ರದೇಶ ಹೇಳದಿದ್ದರೆ ಅದು ಭಾರತಕ್ಕಷ್ಟೇ ಸೀಮಿತ. ಇನ್ನೂ ಹುಟ್ಟದ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೆಸರಿಸದೆ ಸೇರಿಸಿಕೊಳ್ಳಲು ಬರುವುದಿಲ್ಲ. ರಾಯಧನ ಕೇಳುವುದಿಲ್ಲ ಎಂಬ ಮಾತಂತೂ ಅನೂರ್ಜಿತ: ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಕೊಡುವಂತಿಲ್ಲ. ಲಿಖಿತ ರೂಪದಲ್ಲಿಲ್ಲದ, ಸಹಿಯಿಲ್ಲದ ಹಸ್ತಾಂತರ ಊರ್ಜಿತವೇ ಅಲ್ಲ.

2012ರ ಈ ಹಕ್ಕಿನ ಬಲದ ಮೇಲೆಯೇ 2023ರಲ್ಲಿ ಬಾಂಬೆ ಹೈಕೋರ್ಟ್, ಹಾಡು ಪ್ರಸಾರ ಮಾಡುವ ಎಫ್‌ಎಂ ವಾಹಿನಿಗಳು ಸಾಹಿತ್ಯ ಮತ್ತು ಸಂಗೀತದ ಕರ್ತೃಗಳಿಗೂ ರಾಯಧನ ತೆರಬೇಕೆಂದಿತು.

ಕೊರತೆ ಇರುವುದು ಹಕ್ಕನ್ನು ದಕ್ಕಿಸಿಕೊಳ್ಳುವ ದಾರಿಯಲ್ಲಿ. ಹಸ್ತಾಂತರದ ತಕರಾರು, 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ, ವಾಣಿಜ್ಯ ನ್ಯಾಯಾಲಯದ ಪಾಲಾಗಿದೆ. ಹಾಡೊಂದಕ್ಕೆ ಕೆಲವು ಸಾವಿರ ಪಡೆದವನು ವಕೀಲರ ಶುಲ್ಕವನ್ನು ಎಲ್ಲಿಂದ ತಂದಾನು? ಅಂತರ್ಜಾಲದಲ್ಲಿ ಕದ್ದ ಹಾಡಿನ ಬಗ್ಗೆ ವೇದಿಕೆಗೆ ಲಿಖಿತ ದೂರು ಕೊಟ್ಟರೆ ಕಲಂ 52ರ ಪ್ರಕಾರ 21 ದಿನ ತಡೆ ಸಿಗಬಹುದು, ಅಷ್ಟರೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಹಾಡು ಮತ್ತೆ ತೆರೆದುಕೊಳ್ಳಬಹುದು.

ಆದ್ದರಿಂದ ಸಹಿಗೆ ಮುಂಚಿನ ಎಚ್ಚರವೇ ಮುಖ್ಯ. ನೋಂದಣಿ ಕಡ್ಡಾಯವಲ್ಲ, ಆದರೆ 2013ರ ನಿಯಮಗಳ ಪ್ರಕಾರ ಸಾಹಿತ್ಯ ಅಥವಾ ಸಂಗೀತಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ ಕಟ್ಟಿ ಪಡೆಯುವ ನೋಂದಣಿ ನ್ಯಾಯಾಲಯದಲ್ಲಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಕರ್ನಾಟಕ ಜಾನಪದ ಅಕಾಡೆಮಿ ಮತ್ತು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸೇರಿ ತಿಳಿಗನ್ನಡದ ಮಾದರಿ ಕರಾರು ಪತ್ರವೊಂದನ್ನು ಅಚ್ಚುಹಾಕಿಸಿ ಪ್ರತಿ ತಾಲ್ಲೂಕಿಗೂ ತಲುಪಿಸಬೇಕು. ಅವಧಿ, ಪ್ರದೇಶ, ಮಾಧ್ಯಮ, ರಾಯಧನ ಎಂಬ ನಾಲ್ಕು ಅಂಕಣಗಳು ಅದರಲ್ಲಿದ್ದರೆ ಸದ್ಯಕ್ಕೆ ಸಾಕು.