ಅಡಗಿ ಕೂತ ವೈ

ಹೊಸದುರ್ಗದಲ್ಲಿ ಕನ್ನಡ ಮೀಡಿಯಂ ಎಸ್ಸೆಸ್ಸೆಲ್ಸಿ ಮುಗಿಸಿ ಚಿತ್ರದುರ್ಗಕ್ಕೆ ಪಿಯುಸಿ ಓದಲು ಬಂದ ನನಗೆ 'ಇಂಪ್ಲಿಸಿಟ್' ಎಂಬ ಪದವೇ ಮೊದಲ ಪೆಟ್ಟು. ಅರ್ಥ ಕೇಳಿದ್ದಕ್ಕೆ "ಅದೆಲ್ಲ ಬೇಡ, ಸ್ಟೆಪ್ಸ್ ಬರ್ಕೊ" ಅಂದರು ಮೇಷ್ಟ್ರು. ಬರ್ಕೊಂಡೆ. ಪರೀಕ್ಷೆಯಲ್ಲಿ ಎರಡನೇ ಸಲ ಅವಕಲನ ಮಾಡಬೇಕಾದಾಗ ಸ್ಟೆಪ್ಸ್ ಮರೆತು ಐದು ಮಾರ್ಕ್ಸ್ ಹೋಯ್ತು. ಆ ಸಿಟ್ಟಿಗೇ ಎಷ್ಟೋ ವರ್ಷದ ಮೇಲೆ ಇದರ ಚರಿತ್ರೆ ಕೆದಕಿದೆ.

ಸಮೀಕರಣದಲ್ಲಿ ವೈ ಬೇರೆಯಾಗಿ ನಿಲ್ಲದೆ ಎಕ್ಸ್ ಜೊತೆ ಕಲೆತುಹೋಗಿದ್ದರೆ ಅದು ಇಂಪ್ಲಿಸಿಟ್. 1638ರಲ್ಲಿ ಡೆಕಾರ್ಟ್ ಇಂಥದೇ ಒಂದನ್ನು ಫರ್ಮಾಗೆ ಸವಾಲಾಗಿ ಒಡ್ಡಿದ: ಎಕ್ಸ್³ + ವೈ³ = 3ಎ·ಎಕ್ಸ್·ವೈ. ಬಿಡಿಸಿದರೆ ಎಲೆಯ ಆಕಾರ. ಅದಕ್ಕೆ ಸ್ಪರ್ಶಕ ಎಳೆಯಬೇಕಿತ್ತು, ಫರ್ಮಾ ಎಳೆದೇಬಿಟ್ಟ!

ನನಗೆ ಆಶ್ಚರ್ಯ ತಂದದ್ದು ನ್ಯೂಟನ್. 1671ರಲ್ಲಿ ಬರೆದ, ಸತ್ತು 9 ವರ್ಷಕ್ಕೆ, 1736ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅವನ ಮೊದಲ ಉದಾಹರಣೆಯೇ ಎಕ್ಸ್ ವೈ ಕಲೆತ ಸಮೀಕರಣ. ಎರಡೂ ಕಾಲದ ಜೊತೆ ಹರಿಯುತ್ತವೆ, ಮೇಲು ಕೀಳಿಲ್ಲ. 'ವೈ ಅಂದರೆ ಎಕ್ಸ್‌ನ ಉತ್ಪನ್ನ' ಎಂಬುದನ್ನು ನಡುಮನೆಗೆ ತಂದು ಕೂರಿಸಿದ್ದು 1748ರಲ್ಲಿ ಆಯ್ಲರ್. ಅಂದರೆ ನಮಗೆ ಕಷ್ಟದ ಪಾಠವಾಗಿ ಬಂದದ್ದೇ ಹಳೆಯ, ಸಹಜ ದಾರಿ...

ಎರಡನೇ ಅವಕಲನ ಯಾಕೆ ಬೇಕು? ಎಕ್ಸ್² + ವೈ² = 25 ತಗೊಳ್ಳಿ, ತ್ರಿಜ್ಯ 5ರ ವೃತ್ತ. ಒಮ್ಮೆ ಅವಕಲಿಸಿದರೆ ಇಳಿಜಾರು −ಎಕ್ಸ್/ವೈ. ಮತ್ತೊಮ್ಮೆ ಮಾಡಿದಾಗ ಆ ಇಳಿಜಾರೇ ಒಳಗೆ ನುಸುಳುತ್ತದೆ (ನಾನು ಎಡವಿದ್ದು ಇಲ್ಲೇ). ಅದರ ಜಾಗದಲ್ಲಿ −ಎಕ್ಸ್/ವೈ ಹಾಕಿದರೆ −(ವೈ² + ಎಕ್ಸ್²)/ವೈ³. ಮೇಲೆ ಕೂತಿರುವುದು ನಮ್ಮ ಹಳೇ 25! ಉತ್ತರ −25/ವೈ³. ಇಳಿಜಾರಿನ ವರ್ಗಕ್ಕೆ 1 ಕೂಡಿಸಿ, ಒಂದೂವರೆ ಘಾತಕ್ಕೇರಿಸಿ, 25/ವೈ³ರಿಂದ ಭಾಗಿಸಿ (ಚಿಹ್ನೆ ಬಿಟ್ಟು). ಎಲ್ಲಿ ನಿಂತು ಮಾಡಿದರೂ 5. ಬಾಗಿನ ತ್ರಿಜ್ಯ ಅದು. ನ್ಯೂಟನ್‌ನ ಅದೇ ಪುಸ್ತಕದಲ್ಲಿ ಇದಕ್ಕೂ ಒಂದು ಅಧ್ಯಾಯವಿದೆ.

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಬಿಟ್ಟು ರೈಲು ಚಿತ್ರದುರ್ಗದ ಕಡೆ ತಿರುಗುವಾಗ ನನಗೀಗ ಇದೇ ನೆನಪು. ನೇರ ಹಳಿಯಿಂದ ಒಮ್ಮೆಲೇ ವೃತ್ತಕ್ಕೆ ಹಾರಿದರೆ ಗಾಡಿ ಕುಲುಕುತ್ತದೆ, ಅದಕ್ಕೇ ರೈಲ್ವೆಯವರು ಬಾಗನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ.

ಡೆಕಾರ್ಟ್‌ನ ಎಲೆಯಲ್ಲಿ ಎ = 1 ಎಂದಿಟ್ಟು ಎಕ್ಸ್, ವೈ ಎರಡೂ 3/2 ಇರುವ ತುದಿಯಲ್ಲಿ ಎರಡನೇ ಅವಕಲನ ಮಾಡಿ ನೋಡಿ. ನನಗೆ −32/3 ಬಂತು. ನಿಮಗೆ ಬೇರೆ ಬಂದರೆ ಹೇಳಿ, ಮತ್ತೆ ಲೆಕ್ಕ ಹಾಕೋಣ.