ಟೋನರ್ ವರ್ಗಾವಣೆ ವಿಧಾನ

ಲೇಸರ್ ಪ್ರಿಂಟರ್ ಇಲ್ಲವೇ ಜೆರಾಕ್ಸ್ ಯಂತ್ರದಲ್ಲಿ ತೆಗೆದ ಸರ್ಕ್ಯೂಟ್ ನಕ್ಷೆಯನ್ನು ತಾಮ್ರದ ಹಲಗೆಯ ಮೇಲೆ ಕವುಚಿಟ್ಟು, ಇಸ್ತ್ರಿಪೆಟ್ಟಿಗೆಯಿಂದ ಒತ್ತಿ, ಟೋನರ್ (ಮುದ್ರಣದ ಪುಡಿ) ಮುಚ್ಚದ ತಾಮ್ರವನ್ನು ಫೆರಿಕ್ ಕ್ಲೋರೈಡ್‌ನಲ್ಲಿ ಕರಗಿಸಿ ಮನೆಯಲ್ಲೇ ಪಿಸಿಬಿ (ಮುದ್ರಿತ ಸರ್ಕ್ಯೂಟ್ ಹಲಗೆ) ತಯಾರಿಸುವ ಕ್ರಮ. ರಷ್ಯನ್ನರ ನಡುವೆ ಇದರ ಹೆಸರು ‘ಲೇಸರ್-ಇಸ್ತ್ರಿ ತಂತ್ರ’.

ಪಿಸಿಬಿಯ ಜನಕನೆಂದು 1936ರಲ್ಲಿ ಲಂಡನ್ನಿನಲ್ಲಿ ಕೆಲಸಕ್ಕಿಳಿದ ಪಾಲ್ ಐಸ್ಲರ್‌ನ ಹೆಸರನ್ನು ಹೇಳುವುದು ರೂಢಿ. ಆದರೆ ಆಲ್ಬರ್ಟ್ ಹ್ಯಾನ್ಸನ್ (1903), ಚಾರ್ಲ್ಸ್ ಡ್ಯೂಕಾಸ್ (1925) ಇವರ ಪೇಟೆಂಟುಗಳು ಅದಕ್ಕೂ ಹಿಂದಿನವು. ಐಸ್ಲರ್‌ನ ಅಮೆರಿಕದ ಪೇಟೆಂಟುಗಳನ್ನು ಅಲ್ಲಿನ ನ್ಯಾಯಾಲಯ 1963ರಲ್ಲಿ ಅಸಿಂಧುಗೊಳಿಸಿತು. ಹವ್ಯಾಸಿಗಳು ಬಹುಕಾಲ ಬಣ್ಣ, ನೇಲ್ ಪಾಲಿಶ್ ಹಾಗೂ ಬೆಳಕಿಗೆ ಸ್ಪಂದಿಸುವ ಲೇಪಗಳಿಂದಲೇ ಗೆರೆ ಎಳೆಯುತ್ತಿದ್ದರು.

ಈ ವಿಧಾನದ ಕಥೆಯನ್ನು ಲೇಸರ್ ಪ್ರಿಂಟರಿನಿಂದ ಆರಂಭಿಸುವುದು ಅರ್ಧ ಮಾತ್ರ ಸರಿ. ಜೆರಾಕ್ಸ್ ತಂತ್ರದ ಜನಕ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಪಡೆದ ಮೊದಲ ಪ್ರತಿಯಲ್ಲೇ ಪುಡಿಯ ಚಿತ್ರ ಒಂದು ಮೇಲ್ಮೈಯಿಂದ ಇನ್ನೊಂದಕ್ಕೆ ದಾಟಿ ಬಿಸಿಗೆ ಅಂಟಿಕೊಂಡಿತ್ತು. ಮುಂದೆ ಜೆರಾಕ್ಸ್ ಎಂದು ಹೆಸರಾದ ಹ್ಯಾಲಾಯ್ಡ್ ಕಂಪನಿ 1949ರಲ್ಲಿ ತಂದ ಮಾಡೆಲ್ ‘ಎ’ ಯಂತ್ರ ಕಚೇರಿ ಕೆಲಸಕ್ಕೆ ತೀರ ನಿಧಾನವಾಗಿದ್ದರೂ ಆಫ್‌ಸೆಟ್ ಮುದ್ರಣದ ಮೂಲಪಟಗಳನ್ನು ಮಾಡಲು ಒದಗಿತು. ಟೋನರ್ ಓದಲಿಕ್ಕಷ್ಟೇ ಅಲ್ಲ, ಮೇಲ್ಮೈಯ ಗುಣ ಬದಲಿಸುವುದಕ್ಕೂ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. 1984ರ ಎಚ್‌ಪಿ ಲೇಸರ್‌ಜೆಟ್ ತಂದ ಬದಲಾವಣೆ ಬೇರೆ ಬಗೆಯದು: ಇಂಚಿಗೆ 300 ಚುಕ್ಕೆಗಳ ನಕ್ಷೆ ಕಂಪ್ಯೂಟರಿನಿಂದ ನೇರವಾಗಿ ಕಾಗದಕ್ಕೆ ಇಳಿಯಿತು. ಜೆರಾಕ್ಸಿನಲ್ಲಿ ನಕ್ಷೆ ತುಸು ಹಿಗ್ಗಿದರೂ ಐಸಿಯ (ಚಿಪ್‌ನ) ಕಾಲುಗಳ 2.54 ಮಿ.ಮೀ. ಅಂತರ ತಪ್ಪುತ್ತಿತ್ತು, ಆ ತೊಡಕು ಬಹುಮಟ್ಟಿಗೆ ನೀಗಿತು.

ಹವ್ಯಾಸಿಗಳ ನಿಜವಾದ ಜಗಳ ಕಾಗದದ ಬಗ್ಗೆ. ‘ಪ್ರೆಸ್-ಎನ್-ಪೀಲ್’ ಹೆಸರಿನ, ಇದಕ್ಕೆಂದೇ ಮಾಡಿದ ನೀಲಿ ಹಾಳೆ ಮಾರುಕಟ್ಟೆಯಲ್ಲಿತ್ತು, ಆದರೆ ದುಬಾರಿ. ಬದಲಿಗೆ ಬಂದದ್ದು ಇಂಕ್‌ಜೆಟ್ ಫೋಟೊ ಕಾಗದ, ಆಮೇಲೆ ಹಳೆಯ ವಾರಪತ್ರಿಕೆಗಳ ನುಣುಪು ಹಾಳೆ. ಈ ಹಾಳೆಯ ಮೇಲಿನ ಜೇಡಿಯ ಲೇಪ ನೀರಿನಲ್ಲಿ ನೆನೆದು ಬಿಟ್ಟುಕೊಳ್ಳುತ್ತದೆ, ಟೋನರಿನ ಪ್ಲಾಸ್ಟಿಕ್ ಮಾತ್ರ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಲೇಪವುಳ್ಳ ಫೋಟೊ ಕಾಗದವಾದರೆ ಪ್ರಿಂಟರಿನ ಬಿಸಿ ಉರುಳೆಗೇ ಕರಗಿ ಮೆತ್ತಿಕೊಳ್ಳುವ ಅಪಾಯವಿದೆ. ಒಬ್ಬರಿಗೆ ಒಲಿದ ಹಾಳೆ ಮತ್ತೊಬ್ಬರಿಗೆ ಕೈಕೊಡಲು ಮುಖ್ಯ ಕಾರಣ, ಟೋನರ್ ಮೆತ್ತಗಾಗುವ ಉಷ್ಣತೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದು. ಇಸ್ತ್ರಿಯ ಏರುಪೇರಿನಿಂದ ಬೇಸತ್ತವರು ಲ್ಯಾಮಿನೇಟರಿಗೆ ಬದಲಾಯಿಸಿಕೊಂಡರು, ಕೆಲವರು ಬಿಸಿಯನ್ನೇ ಬಿಟ್ಟು ಅಸಿಟೋನ್-ಆಲ್ಕೋಹಾಲ್ ಮಿಶ್ರಣಕ್ಕೆ ಹೋದರು.

2010ರ ದಶಕದಲ್ಲಿ ಶೆನ್‌ಜೆನ್ನಿನ ಕಾರ್ಖಾನೆಗಳು ಕೆಲವೇ ಡಾಲರಿಗೆ ಹಲಗೆ ಕಳಿಸತೊಡಗಿದ ಮೇಲೆ ಈ ವಿಧಾನದ ಬಳಕೆ ತಗ್ಗಿತು. ಮೇಲಾಗಿ, ಹಲಗೆಯ ಎರಡೂ ಮುಖಗಳನ್ನು ಬೆಸೆಯುವ ಲೋಹಲೇಪಿತ ರಂಧ್ರ ಮನೆಯಲ್ಲಿ ಸುಲಭವಲ್ಲ. ಅದೇ ದಿನ ಹಲಗೆ ಬೇಕೆನ್ನುವವರಿಗೆ ಮಾತ್ರ ಇದು ಈಗಲೂ ಅನುಕೂಲ. ಬೇಕಾದ ಸಾಮಗ್ರಿ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತದೆ. ಬಳಸಿದ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿದ ತಾಮ್ರ ಜಲಚರಗಳಿಗೆ ವಿಷವಾದ್ದರಿಂದ ಅದನ್ನು ಚರಂಡಿಗೆ ಸುರಿಯಬಾರದು.