ಮೇಕ್‌ಫೈಲಿನ ಪೂರ್ವವೃತ್ತಾಂತ

ಮೂಲಪಾಠವನ್ನು ತಂದು, ತಾನೇ ಕಂಪೈಲ್ ಮಾಡಿ, ತನ್ನ ಯಂತ್ರದಲ್ಲಿ ಪ್ರತಿಷ್ಠಾಪಿಸಿಕೊಳ್ಳುವ ಪದ್ಧತಿಯ ಇತಿಹಾಸವನ್ನು ಅರಸುತ್ತ ಹೊರಟವನು 1976ರ ಬೆಲ್ ಲ್ಯಾಬ್ಸಿನ ಬಾಗಿಲಲ್ಲಿ ನಿಲ್ಲಲೇಬೇಕು. ಬದಲಾದ ಕಡತಗಳನ್ನಷ್ಟೇ ಗುರುತಿಸಿ ಪುನಃ ಕಂಪೈಲ್ ಮಾಡಿಸುವ ‘ಮೇಕ್’ ಎಂಬ ಸಾಧನವನ್ನು ಸ್ಟುವರ್ಟ್ ಫೆಲ್ಡ್‌ಮನ್ನರು ನಿರ್ಮಿಸಿದುದು ಅಲ್ಲಿಯೇ. ಅದಕ್ಕೆ ಸೂಚನೆ ಕೊಡುವ ‘ಮೇಕ್‌ಫೈಲ್’ ಎಂಬ ಕಡತದಲ್ಲಿ ಆಜ್ಞೆಯ ಪ್ರತಿಯೊಂದು ಸಾಲೂ ಟ್ಯಾಬಿನಿಂದಲೇ ಆರಂಭವಾಗತಕ್ಕದ್ದೆಂಬುದು ಅದರ ವಿಚಿತ್ರ ನಿಯಮ: ಕಣ್ಣಿಗೆ ಎರಡೂ ಒಂದೇ ಬಗೆಯ ಖಾಲಿ ಜಾಗವಾದರೂ, ಟ್ಯಾಬಿನ ಬದಲು ಎಂಟು ಸ್ಪೇಸ್ ಒತ್ತಿದವನಿಗೆ ‘ಮಿಸ್ಸಿಂಗ್ ಸೆಪರೇಟರ್’ ಎಂಬ ದೂರೇ ಗತಿ. ಬಳಕೆದಾರರು ಆಗಲೇ ಹನ್ನೆರಡು ಮಂದಿಯಷ್ಟಿದ್ದರೆಂದು, ಅವರಿಗೆ ತೊಂದರೆಯಾದೀತೆಂದು, ಕರ್ತೃವು ಅದನ್ನು ತಿದ್ದದೆ ಬಿಟ್ಟರಂತೆ, ಎಂತಹ ದಾಕ್ಷಿಣ್ಯ! ಯೂನಿಕ್ಸಿನ ಪ್ರಭೇದಗಳು ಬೆಳೆದು, ಯಂತ್ರಯಂತ್ರಕ್ಕೂ ಮೇಕ್‌ಫೈಲನ್ನು ಕೈಯಾರೆ ತಿದ್ದುವ ಕಷ್ಟವು ದುಸ್ಸಹವಾಗಲು, 1991ರಲ್ಲಿ ಡೇವಿಡ್ ಮೆಕೆಂಜಿಯವರು ಆಟೊಕಾನ್ಫನ್ನು ರಚಿಸಿದರು. ಅದರಿಂದ ಹುಟ್ಟಿದ ‘ಕಾನ್ಫಿಗರ್’ ಸ್ಕ್ರಿಪ್ಟು ‘ಚೆಕಿಂಗ್, ಚೆಕಿಂಗ್’ ಎನ್ನುತ್ತ ಯಂತ್ರದ ಗುಣಲಕ್ಷಣಗಳನ್ನು ಪರೀಕ್ಷಿಸಿ, ಮೇಕ್‌ಫೈಲನ್ನು ತಾನೇ ಬರೆಯುತ್ತದೆ. ಆದರೂ ಬೇರೆಯಾಗಿ ವಿಧಿಸದ ಹೊರತು, ಮೇಕ್‌ನ ಒಂದು ರೂಪವಾದ ಗ್ನೂ ಮೇಕ್ ಇಂದಿಗೂ ಟ್ಯಾಬನ್ನೇ ಬೇಡುತ್ತದೆ.